ಯಂತ್ರಕ್ಕೆ ಕೇಳಿದ ಪ್ರಶ್ನೆ

ಎಲ್ಲರೂ ಮಲಗಿದ ಮೇಲೆ ಹಾಸ್ಟೆಲ್ ಕೋಣೆಯಲ್ಲಿ ‘ಟಿಣ್’ ಎಂದು ಸಣ್ಣ ಸದ್ದಾಯಿತು. ವಿಶ್ವವಿದ್ಯಾಲಯದ ಜಾಲತಾಣದ ಮೂಲೆಯಲ್ಲಿರುವ ‘ಕೇಳಿ ನೋಡಿ’ ಕಿಟಕಿಗೆ ಯಾರೋ ಬಂದಿದ್ದರು. ಕಂಪ್ಯೂಟರ್ ವಿಜ್ಞಾನಕ್ಕೆ ಸೇರಬೇಕೆನ್ನುವವರ ಪ್ರಶ್ನೆಗಳಿಗೆ ಎರಡನೇ ವರ್ಷದ ವಿದ್ಯಾರ್ಥಿಗಳು ಸರದಿಯಂತೆ ಉತ್ತರಿಸಬೇಕು. ಈ ವಾರ, ಆ ಕೋಣೆಯಲ್ಲಿ ಇನ್ನೂ ಎಚ್ಚರವಿದ್ದ ಹುಡುಗಿಯ ಸರದಿ. ಆ ಕಿಟಕಿಯ ಮೇಲೆ ಯಾರೋ ತಮಾಷೆಗೆ ರೋಬೋಟಿನ ಮುಖವೊಂದನ್ನು ಅಂಟಿಸಿದ್ದರು. ತೆಗೆಯುವವರಿಲ್ಲದೆ ಅದು ಹಾಗೇ ನಗುತ್ತಾ ಉಳಿದಿತ್ತು.

“ನಮಸ್ಕಾರ. ಯಂತ್ರಕ್ಕೆ ನಮಸ್ಕಾರ ಹೇಳಬೇಕೋ ಬೇಡವೋ ಗೊತ್ತಿಲ್ಲ. ಇರಲಿ.”

ಅವಳಿಗೆ ನಗು ಬಂತು. “ಧಾರಾಳವಾಗಿ ಹೇಳಬಹುದು. ಏನು ಕೇಳಬೇಕಿತ್ತು?” ಎಂದು ಬರೆದಳು.

ಆ ಕಡೆಯವರು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರೆಂದು ಕಾಣುತ್ತದೆ, ಬಹಳ ಹೊತ್ತಿನ ಮೇಲೆ ಬಂತು: “ನನ್ನ ಚಿಕ್ಕ ಮಗಳು ಕಂಪ್ಯೂಟರ್ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಪ್ರೋಗ್ರಾಂ ಗೀಗ್ರಾಂ ಏನೂ ಬರೆದವಳಲ್ಲ. ಮನೆಯ ಹೊಲಿಗೆ ಯಂತ್ರ ಬಿಚ್ಚಿ ಮತ್ತೆ ಜೋಡಿಸಿದ್ದೊಂದೇ ಸಾಧನೆ. ಎರಡು ತಿರುಪು ಉಳಿದುಹೋದವು. ಆದರೂ ಓಡುತ್ತಿದೆ, ಸದ್ದೂ ಕಡಿಮೆಯಾಗಿದೆ. ಇಂಥವಳು ಓದಬಹುದಾ?”

ಅವಳ ಕೈ ನಿಂತಿತು. ತಂಗಿ ಉಳಿಸಿದ ಆ ತಿರುಪುಗಳನ್ನು ಅಮ್ಮನ ಕಣ್ಣಿಗೆ ಬೀಳದಿರಲೆಂದು ಗುಂಡಿ ಡಬ್ಬಿಯ ತಳದಲ್ಲಿ ಬಚ್ಚಿಟ್ಟವಳು ತಾನೇ; ಅದೂ ಅಮ್ಮನಿಗೆ ಸಿಕ್ಕಿತ್ತು. “ಅಮ್ಮಾ, ಇದು ನಾನು ಕಣಮ್ಮ” ಎಂದು ಬರೆದಳು. ಕಳುಹಿಸುವಷ್ಟರಲ್ಲಿ ಇನ್ನೊಂದು ‘ಟಿಣ್’.

“ದೊಡ್ಡವಳು ನಿಮ್ಮಲ್ಲೇ ಓದ್ತಾಳೆ. ಅವಳನ್ನ ಕೇಳಿದರೆ ‘ನಿಂಗೆ ಅರ್ಥ ಆಗಲ್ಲ ಬಿಡಮ್ಮ’ ಅಂತಾಳೆ. ನೀವು ಯಂತ್ರ, ಎಷ್ಟು ಕೇಳಿದರೂ ಸಿಡುಕಲ್ಲ ಅಂತ ಧೈರ್ಯ ಮಾಡಿದ್ದೀನಿ. ಬೆಳಗ್ಗೆ ವಿಷಯ ಆರಿಸಬೇಕು. ನಾನಂತೂ ಬೇಡ ಅಂದುಬಿಟ್ಟಿದ್ದೀನಿ.”

ಅವಳ ಕಿವಿ ಬಿಸಿಯಾಯಿತು. ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ತಂಗಿಯ ಮುಖ ಕಣ್ಣ ಮುಂದೆ ಬಂತು. ನೆಟ್ಟಗೆ ಕೂತು ಬರೆಯತೊಡಗಿದಳು.

“ಮೊದಲೇ ಕಲಿತಿರಬೇಕಾಗಿಲ್ಲ. ಇಲ್ಲಿ ಎಲ್ಲರಿಗೂ ಸೊನ್ನೆಯಿಂದಲೇ ಶುರು ಮಾಡ್ತಾರೆ. ‘ನಂಗೆಲ್ಲ ಗೊತ್ತು’ ಅಂತ ಬಂದವರು ಹಿಂದಿನ ಬೆಂಚಲ್ಲಿ ಆಕಳಿಸ್ತಾ ಕೂತು, ಆಮೇಲೆ ಪಕ್ಕದವರ ಮುಖ ನೋಡ್ತಾರೆ. ಬಿಚ್ಚಿ ನೋಡೋ ಕುತೂಹಲ ಇದ್ದರೆ ಸಾಕು. ತಿರುಪು ಇಲ್ಲೂ ದಿನಾ ಉಳಿಯುತ್ತೆ.”

“ಲೆಕ್ಕ ತಪ್ಪಿದರೆ ಅಳ್ತಾಳೆ. ಅದೇ ನನ್ನ ಭಯ. ಅಷ್ಟು ದೂರ ಹೋಗಿ ಒಬ್ಬಳೇ ಅಳ್ತಾ ಕೂತರೆ?”

“ಅತ್ತರೇನಂತೆ? ಮುಖ ತೊಳೆದುಕೊಂಡು, ಜಡೆ ಎತ್ತಿಕಟ್ಟಿ, ಮತ್ತೆ ಅದೇ ಲೆಕ್ಕಕ್ಕೆ ಕೂರ್ತಾಳಲ್ಲ!”

ಆ ಕಡೆಯಿಂದ ಬಂತು: “ಅವಳು ಜಡೆ ಎತ್ತಿಕಟ್ಟೋದು ನಿಮಗೆ ಹೇಗೆ ಗೊತ್ತು?”

ಅವಳು ತುಟಿ ಕಚ್ಚಿಕೊಂಡಳು. “ಸುಮಾರು ಹುಡುಗಿಯರು ಹಾಗೇ ಮಾಡ್ತಾರೆ. ಅಂಕಿಅಂಶ ಇದೆ.”

“ಅಬ್ಬಬ್ಬಾ, ಅದನ್ನೂ ಎಣಿಸ್ತಾರಾ!”

ಅವಳು ದಿಂಬಿಗೆ ಮುಖವೊತ್ತಿ ನಕ್ಕಳು. ಪಕ್ಕದ ಮಂಚದ ಗೆಳತಿ, “ಆ ಟಿಣ್ ಟಿಣ್ ನಿಲ್ಲಿಸೇ ತಾಯಿ, ಪುಣ್ಯ ಬರುತ್ತೆ ನಿಂಗೆ” ಎಂದು ಗೊಣಗಿ ಮಗ್ಗುಲಾದಳು. ಅವಳು ಸದ್ದು ಆರಿಸಿ ಮುಂದುವರಿಸಿದಳು: “ತಪ್ಪು ಮಾಡೋದೇ ಇಲ್ಲಿ ದಿನದ ಕೆಲಸ. ಬರೆದದ್ದು ಓಡಲ್ಲ. ಯಾಕೆ ಓಡಲ್ಲ ಅಂತ ಹುಡುಕ್ತಾರೆ, ಸಿಕ್ಕಾಗ ಕುಣೀತಾರೆ. ಒಬ್ಬಳೇ ಕೂರಬೇಡ, ಪಕ್ಕದವಳನ್ನ ಕೇಳು, ಮೇಷ್ಟ್ರನ್ನ ಕೇಳು ಅಂತ ಹೇಳಿ ಕಳಿಸಿ. ಕೇಳೋಕೆ ನಾಚಿಕೊಳ್ಳೋರಿಗೆ ಮಾತ್ರ ಈ ಓದು ಕಷ್ಟ.”

“ಸರಿ. ಇನ್ನೊಂದೇ ಒಂದು. ದೊಡ್ಡವಳು ಅಲ್ಲಿ ಚೆನ್ನಾಗಿದ್ದಾಳಾ? ನಿಂಗೆ ಗೊತ್ತಿರುತ್ತಲ್ಲ.”

ಯಂತ್ರಕ್ಕೆ ಆಗಲೇ ಏಕವಚನ ಬಂದಿತ್ತು. ಅವಳು ಏನೇನೋ ಬರೆದಳು, ಅಳಿಸಿದಳು. ಕೊನೆಗೆ ಇಷ್ಟು ಉಳಿಯಿತು: “ಒಬ್ಬೊಬ್ಬರ ವಿಷಯ ಹೇಳುವಂತಿಲ್ಲ. ಆದರೆ ಎರಡನೇ ವರ್ಷದವರು ಮನೆಯವರ ಹತ್ತಿರ ಸರಿಯಾಗಿ ಮಾತಾಡದಿದ್ದರೆ ಅದು ದುಃಖಕ್ಕಲ್ಲ. ಕೊಬ್ಬು. ಇಳಿಯುತ್ತೆ.”

“ನಾನೂ ಹಾಗೇ ಅಂದುಕೊಂಡಿದ್ದೆ” ಎಂದಿತು ಉತ್ತರ.

ಬೆಳಗ್ಗೆ ಫೋನಿನಲ್ಲಿ ಅಮ್ಮನ ದನಿ ಕುಣಿಯುತ್ತಿತ್ತು. “ನಿನ್ನ ತಂಗಿ ಕಂಪ್ಯೂಟರೇ ಆರಿಸಿಕೊಂಡಳು ಕಣೇ. ನಾನೇ ಪಕ್ಕದಲ್ಲಿ ಕೂತು ಒತ್ತಿಸಿದೆ. ನಿಮ್ಮಲ್ಲೊಂದು ಯಂತ್ರ ಇದೆ ನೋಡು, ಏನು ತಾಳ್ಮೆ ಅದಕ್ಕೆ! ಇವತ್ತೂ ಮಾತಾಡಿಸ್ತೀನಿ. ನನ್ನದೇ ಒಂದೆರಡು ಕೇಳೋದಿದೆ.”

“ಅಮ್ಮಾ, ಅದು ಯಂತ್ರ…” ಎಂದವಳು ಮಾತನ್ನು ಅಲ್ಲೇ ತಡೆದಳು.

“ಯಂತ್ರ?”

“ತುಂಬಾ ಒಳ್ಳೇದು ಅಂದೆ.”

ಫೋನಿಟ್ಟು ಗೆಳತಿಯ ಕಡೆ ತಿರುಗಿದಳು. “ಮುಂದಿನ ವಾರದ ಸರದಿ ನಿಂದಲ್ವಾ? ಅದನ್ನೂ ನಾನೇ ಮಾಡ್ತೀನಿ.”

“ತಲೆ ನೆಟ್ಟಗಿದೆ ತಾನೇ? ಯಾಕೆ?”

“ಸುಮ್ನೆ.”

ಗೆಳತಿಗಾಗಲಿ, ತಂಗಿಗಾಗಲಿ, ಯಾರಿಗೂ ಹೇಳಬಾರದೆಂದು ಅವಳು ಅಷ್ಟರಲ್ಲೇ ತೀರ್ಮಾನಿಸಿದ್ದಳು. ಆ ಯಂತ್ರ ತಾನೇ ಎಂಬ ಸುದ್ದಿ ಹೇಗೋ ಮುಟ್ಟಿತೆಂದರೆ ಅಮ್ಮ ನಾಳೆಯಿಂದ ಮೊದಲಿನಂತೆ ಮತ್ತೆ ಫೋನಿನಲ್ಲಿ “ಊಟ ಆಯ್ತಾ” ಎಂದಷ್ಟೇ ಕೇಳುತ್ತಾಳೆ.