ಅಪ್ಪ ಮಲಗಿದ್ದಾರೆ

ಹಾಡಿನ ನಡುವೆ, ಮುಂದಿನ ಸಾಲಿನಲ್ಲಿದ್ದ ಅಪ್ಪ ಎದ್ದು ನಿಂತದ್ದನ್ನು ಕಂಡು ವೇದಿಕೆಯ ಮೇಲಿದ್ದ ಲೋವೆಲ್‌ನ ಬೆರಳು ಗಿಟಾರಿನ ತಂತಿಯಲ್ಲೇ ತಡವರಿಸಿತು. ಮಗ ಅಷ್ಟು ಹೆಸರು ಮಾಡಿದ್ದರೂ ಅಪ್ಪ ಅವನ ಹಾಡು ಕೇಳಲು ಬಂದದ್ದು ಇದೇ ಮೊದಲು. ಹಿಡಿಸಲಿಲ್ಲವೇನೋ, ಹೊರಟೇಬಿಟ್ಟರು!

ಅವನ ಮೆದು ದನಿಗೆ ಅಮೆರಿಕವೆಲ್ಲ ಮನಸೋತಿತ್ತು. ಆ ದನಿ ಹುಟ್ಟಿದ್ದು ಮಾತ್ರ ಓಹಿಯೋದ ಒಂದು ಪುಟ್ಟ ಮನೆಯಲ್ಲಿ. ಅಪ್ಪನಿಗೆ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ, ಹಗಲೆಲ್ಲ ನಿದ್ದೆ. ಹುಡುಗ ಗಿಟಾರ್ ಮುಟ್ಟಿದರೆ ಸಾಕು, ಅಮ್ಮ ತುಟಿಗೆ ಬೆರಳಿಡುತ್ತಿದ್ದಳು: "ಮೆಲ್ಲಗೆ ಕಣೋ, ಅಪ್ಪ ಮಲಗಿದ್ದಾರೆ."

ಅಪ್ಪ ಹೊರಡಲಿಲ್ಲ. ಕಿವಿಗೆ ಕೈ ಆನಿಸಿ, ಕುಲುಮೆಯ ಸದ್ದನ್ನೂ ಮೀರಿಸುತ್ತಿದ್ದ ಹಳೇ ಗಂಟಲಿನಲ್ಲಿ ಕೂಗಿದರು: "ಲೇ ಲೋವೆಲ್, ಇನ್ನೂ ಯಾಕೋ ಪಿಸಪಿಸ ಅಂತೀಯ? ಗಟ್ಟಿಯಾಗಿ ಹಾಡೋ! ನಾನು ಎದ್ದಿದ್ದೀನಿ!"

ಸಭೆ ಗೊಳ್ಳೆಂದು ನಕ್ಕಿತು. ಲೋವೆಲ್ ಮೈಕನ್ನು ಪಕ್ಕಕ್ಕೆ ಸರಿಸಿ ಗಂಟಲು ಬಿಚ್ಚಿದ.