ಒಸಾಕಕ್ಕೆ ಹದಿಮೂರು ಗಂಟೆ

"ಇನ್ನೆಷ್ಟು ಹೊತ್ತಮ್ಮಾ?" ಮೂವತ್ತೊಂದನೆಯ ಸಾಲಿನ ಮುದುಕರು ಮೂರನೆಯ ಸಲ ಕೇಳಿದಾಗ ಗಗನಸಖಿ ಹಿಲ್ಕಾ ಅವರ ಪಕ್ಕದಲ್ಲಿ ಮೊಣಕಾಲೂರಿ ಕುಳಿತಳು. ವಿಮಾನ ಇನ್ನೂ ಹೆಲ್ಸಿಂಕಿಯ ನೆಲ ಬಿಟ್ಟಿರಲಿಲ್ಲ. ರೆಕ್ಕೆಯ ಹಿಮ ತೊಳೆದಷ್ಟೂ ಮತ್ತೆ ಬೀಳುತ್ತಿತ್ತು.

"ಹೊರಟ ಮೇಲೆ ಹದಿಮೂರು ಗಂಟೆ, ಮೊರಿಯಾಮ ಅವರೇ."

"ಹಿಂದೆ ಬಂದಾಗ ಒಂಬತ್ತೂವರೆ ಇತ್ತು. ನಮ್ಮ ಒಸಾಕ ಏನು ದೂರ ಸರೀತಾ?" ಮುದುಕರು ನಗಲು ನೋಡಿದರು. "ಅಣ್ಣ ಆಸ್ಪತ್ರೇಲಿದ್ದಾನೆ. ನಾಳೆ ಸಂಜೆ ತನಕ ಇದ್ರೆ ಹೆಚ್ಚು ಅಂದಿದ್ದಾರೆ."

ಒಸಾಕ ಎಲ್ಲಿತ್ತೋ ಅಲ್ಲೇ ಇತ್ತು. ಯುದ್ಧದಿಂದಾಗಿ ರಷ್ಯಾದ ಆಕಾಶ ವಿಮಾನಗಳಿಗೆ ಮುಚ್ಚಿದ್ದರಿಂದ ಉತ್ತರ ಧ್ರುವವನ್ನು ಬಳಸಿಕೊಂಡು ಹೋಗಬೇಕಾಗಿತ್ತು, ಅಷ್ಟೆ. ಆದರೆ ಆ ಮೂರೂವರೆ ಗಂಟೆ ಐವತ್ತೆಂಟರ ಹಿಲ್ಕಾಳ ಮೂಳೆಗಿಳಿದಿತ್ತು. ಹೋದ ವಾರ ಅಲ್ಲಿಂದ ಮೈ ಮನೆಗೆ ಬಂದಿತ್ತು. ನಿದ್ದೆ ಇನ್ನೂ ಬಂದಿರಲಿಲ್ಲ.

ಕ್ಯಾಪ್ಟನ್ ತಾಪಿಯೊ ಸಿಬ್ಬಂದಿಯನ್ನೆಲ್ಲ ಮುಂದಿನ ಅಡುಗೆಮೂಲೆಗೆ ಕರೆದ. "ಈಗ ಹೊರಟರೆ ನಮ್ಮ ಕೆಲಸದ ಹೊತ್ತು ನಿಯಮದ ಮಿತಿಗಿಂತ ನಲವತ್ತು ನಿಮಿಷ ಮೀರುತ್ತೆ. ಎಲ್ಲರೂ ಆಗುತ್ತೆ ಅಂದ್ರೆ ಹೋಗಬಹುದು. ಒಬ್ಬರು ಆಗಲ್ಲ ಅಂದ್ರೂ ನಾಳೆ ಮಧ್ಯಾಹ್ನವೇ. ಬದಲಿ ಜನ ಇಲ್ಲ. ಕಾರಣ ಕೇಳಲ್ಲ."

"ಅವಳಿ ಮಕ್ಕಳು ಹುಟ್ಟಿದಾಗಲೇ ನನ್ನ ನಿದ್ದೆ ಹೋಯ್ತು. ನಲವತ್ತು ನಿಮಿಷ ಯಾವ ಮೂಲೆಗೆ? ಆಗುತ್ತೆ," ಎಂದ ಓಸ್ಮೊ. ಎಲ್ಲರೂ ನಕ್ಕರು. ಒಬ್ಬೊಬ್ಬರಾಗಿ "ಆಗುತ್ತೆ" ಎಂದರು.

ಹೋದ ತಿಂಗಳು ಹಿಲ್ಕಾಳೂ ಹಾಗೆಯೇ ಅಂದಿದ್ದಳು. ಅವತ್ತು ಒಸಾಕದಲ್ಲಿ ಇಳಿದ ವಿಮಾನ ನೆಲದ ಮೇಲೆ ಇನ್ನೂ ಓಡುತ್ತಿರುವಾಗಲೇ, ತನ್ನ ಕೈ ಬಾಗಿಲ ಹಿಡಿಯ ಮೇಲಿರುವುದನ್ನು ಕಂಡು ಬೆಚ್ಚಿಬಿದ್ದಿದ್ದಳು. ಕುರ್ಚಿಯಿಂದ ಎದ್ದದ್ದು, ಅಲ್ಲಿಯವರೆಗೆ ನಡೆದದ್ದು, ಯಾವುದೂ ನೆನಪಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

"ಹಿಲ್ಕಾ?" ಕೇಳುವಾಗಲೇ ತಾಪಿಯೊ ಕಾಕ್‌ಪಿಟ್ಟಿನತ್ತ ತಿರುಗಿದ್ದ.

"ನನ್ನ ಕೈಲಾಗಲ್ಲ."

ಓಸ್ಮೊ ಬಾಯಿ ತೆರೆದು ನಿಂತ. "ತಮಾಷೇನಾ ಅಕ್ಕಾ? ಮೂವತ್ತೊಂದರಲ್ಲಿರೋ ಅಜ್ಜನ ಅಣ್ಣ ಸಾಯ್ತಿದ್ದಾನೆ. ನಿನಗೇ ಹೇಳಿದ್ರಲ್ಲ!"

"ಹೇಳಿದ್ರು ಕಣೋ. ಅದನ್ನ ಕೇಳಿಯೇ ಹೇಳ್ತಿದೀನಿ, ಆಗಲ್ಲ."

"ಸಾಕು ಓಸ್ಮೊ. ಕಾರಣ ಕೇಳೋ ಹಾಗಿಲ್ಲ," ಎಂದು ತಾಪಿಯೊ ಪ್ರಯಾಣಿಕರಿಗೆ ತಿಳಿಸಲು ಮೈಕು ಎತ್ತಿಕೊಂಡ. ಸಿಬ್ಬಂದಿಯ ಹೊತ್ತು ಮುಗಿಯಿತು ಎಂದನೇ ಹೊರತು ಯಾರ ಹೆಸರನ್ನೂ ಹೇಳಲಿಲ್ಲ.

ಜನ ಇಳಿದರು. ಬಾಗಿಲಲ್ಲಿ ನಿಂತ ಹಿಲ್ಕಾ ಪ್ರತಿಯೊಬ್ಬರಿಗೂ "ಕ್ಷಮಿಸಿ" ಎಂದಳು. ಕೆಲವರು ಬೈದರು, ಕೆಲವರು ಮುಖವನ್ನೂ ನೋಡಲಿಲ್ಲ. ಕೊನೆಗೆ ಮೊರಿಯಾಮ ಬಂದರು. ಚೀಲವನ್ನು ಕೆಳಗಿಟ್ಟು, ಎರಡೂ ಕೈಗಳನ್ನು ತೊಡೆಗೊತ್ತಿ, ಸೊಂಟ ಬಗ್ಗಿಸಿದರು.

"ಬೆಳಗಿಂದ ನನ್ನಿಂದ ನಿಮಗೆ ಬರೀ ತೊಂದರೆ. ತುಂಬ ದಣಿದಿದ್ದೀರಿ. ಹೋಗಿ ಮಲಗಿಕೊಳ್ಳಿ ಅಮ್ಮಾ."

ಹಿಲ್ಕಾ ತಾನೂ ಬಾಗಿದಳು. ತಲೆಯೆತ್ತಿದಾಗ ಮುದುಕರು ಇನ್ನೂ ಬಾಗಿಯೇ ಇದ್ದರು. ಅವಳು ಮತ್ತೆ ಬಾಗಿದಳು.