ಮೊಗ್ಗಿನ ಜಡೆಯ ಫೋಟೋ

"ಅಲ್ಲಾಡ್ಬೇಡ ಕಣೋ ಬಂಗಾರ, ಒಂದೇ ಒಂದು" ಎಂದು ಪಲ್ಲವಿ ಕ್ಯಾಮೆರಾದ ಗುಂಡಿ ಒತ್ತಿದಳು. ಫ್ಲ್ಯಾಶ್ ಫಳ್ಳನೆ ಹೊಡೆಯಿತು. ಮಗ ಕಣ್ಣುಜ್ಜಿಕೊಂಡು ಅಳಲು ಶುರುಮಾಡಿದ. ಪುಟ್ಟ ಪರದೆಯಲ್ಲಿ ನೋಡಿದರೆ ಸೊಟ್ಟಗಾದ ಮುಖವೊಂದು ಬಂದಿತ್ತು. ಹಿಂದಿನ ಕನ್ನಡಿಯಲ್ಲಿ ಜಡೆ ಕಾಣಬೇಕಾದ ಕಡೆ ಬರೀ ಬೆಳಕಿನ ಉಂಡೆ.

ಅಂದು ಮೂರು ವರ್ಷದ ಆ ಹುಡುಗನಿಗೆ ಜವಳ. ಮಧ್ಯಾಹ್ನದೊಳಗೆ ಗುಬ್ಬಿ ಹತ್ತಿರದ ಮನೆದೇವರ ಗುಡಿಯಲ್ಲಿ ತಲೆ ಬೋಳಾಗಲಿತ್ತು. ಅದಕ್ಕೆ ಮುಂಚೆ ಗಂಡುಮಗುವಿಗೂ ಲಂಗ ಉಡಿಸಿ, ಮೊಗ್ಗಿನ ಜಡೆ ಹಾಕಿ, ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿ, ಮುಖವೂ ಜಡೆಯೂ ಒಟ್ಟಿಗೆ ಕಾಣುವಂತೆ ಒಂದು ಫೋಟೋ ತೆಗೆಯುವುದು ಆ ಮನೆಯ ರೂಢಿ. ಹೋದ ಕೂದಲು ಮತ್ತೆ ಬಂದೀತು. ಈ ಫೋಟೋ ತಪ್ಪಿದರೆ ತಪ್ಪಿದ್ದೇ.

ಮರಳೂರಿನ ಆ ಮನೆಯಲ್ಲಿ ಫೋಟೋ ಎಂದರೆ ಹಿರಿ ಸೊಸೆ ಪಲ್ಲವಿ ಎಂದೇ ಆಗಿತ್ತು. ಮದುವೆಯಲ್ಲಿ ಕುಣಿಗಲ್ಲಿನ ಅಪ್ಪ ಕೊಟ್ಟ ಅಂಗೈಯಗಲದ ಕ್ಯಾಮೆರಾಕ್ಕೆ ಅವಳು ತಾನೇ ಒಂದು ಚೀಲ ಹೊಲಿದಿದ್ದಳು. ಗೋಡೆಯ ಮೇಲಿನ ಫೋಟೋಗಳೆಲ್ಲ ಅವಳು ತೆಗೆದವೇ. ಮೈದುನನ ಹೆಂಡತಿಯಾಗಿ ದೀಪಿಕಾ ಬಂದಳು ನೋಡಿ, ಜೊತೆಗೆ ಅವಳ ಫೋನೂ ಬಂತು. ಅದರಲ್ಲಿ ತೆಗೆದ ಮರುಗಳಿಗೆಯೇ ದೊಡ್ಡದಾಗಿ ನೋಡಬಹುದು, ಊರಿಗೆಲ್ಲ ಕಳಿಸಬಹುದು. ಪಲ್ಲವಿಯ ಫೋಟೋ ಪ್ರಿಂಟ್ ಆಗಿ ಬರುವಷ್ಟರಲ್ಲಿ ಹಬ್ಬದ ಹೋಳಿಗೆ ಹಳಸಿರುತ್ತಿತ್ತು. "ಪಲ್ಲವೀ, ಒಂದ್ ಫೋಟೋ ತೆಗಿಯೇ" ಎನ್ನುತ್ತಿದ್ದವರೆಲ್ಲ ಈಗ ದೀಪಿಕಾಳ ಬೆನ್ನ ಹಿಂದೆ ಸಾಲುಗಟ್ಟುತ್ತಿದ್ದರು. ಪಲ್ಲವಿಗೆ ಹೊಟ್ಟೆಕಿಚ್ಚೇ ಎಂದರೆ ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

"ಅಕ್ಕ, ಫ್ಲ್ಯಾಶ್ ಆಫ್ ಮಾಡಿದ್ರೆ ಕನ್ನಡೀಲಿ ಜಡೆ ಕಾಣುತ್ತೇನೋ" ಎಂದಳು ದೀಪಿಕಾ ಮೆಲ್ಲಗೆ.

"ನಂಗೊತ್ತು."

ಗೊತ್ತಿತ್ತು, ನಿಜ. ಆದರೆ ಅವಳು ಹೇಳಿದ ಮೇಲೆ ಆಫ್ ಮಾಡುವುದು ಹೇಗೆ? ಪಲ್ಲವಿ ಹಾಗೆಯೇ ಮತ್ತೊಮ್ಮೆ ಒತ್ತಿದಳು. ಮತ್ತೆ ಅದೇ ಬೆಳಕಿನ ಉಂಡೆ, ಅದೇ ಅಳು.

"ಮಗೀನ ಕಣ್ಣು ಕುಕ್ತೈತೆ, ಬುಡೇ ಅತ್ಲಾಗೆ!" ಅತ್ತೆ ಶಿವರುದ್ರಮ್ಮ ಗದರಿದರು. "ದೀಪಿಕಾ, ನಿನ್ ಫೋನಲ್ಲಿ ತೆಗಿಯವ್ವ. ಆಗ್ಲೇ ಕಾರ್ ಬಂದು ನಿಂತೈತೆ."

ದೀಪಿಕಾ ಪಲ್ಲವಿಯ ಮುಖ ನೋಡಿದಳು. "ತೆಗಿಯಮ್ಮ, ನಂದೇನು" ಎಂದು ಪಲ್ಲವಿ ಪಕ್ಕಕ್ಕೆ ಸರಿದಳು. ದೀಪಿಕಾ ಕಿಟಕಿ ತೆರೆದಳು. ಫೋನಿನಲ್ಲಿ ಮಗುವಿಗೆ ಅವನದೇ ಮುಖ ತೋರಿಸಿ, "ಯಾರೋ ಈ ಹುಡ್ಗಿ?" ಎಂದಳು. ಅವನು ತನ್ನನ್ನೇ ನೋಡಿಕೊಂಡು ಕಿಲಕಿಲ ನಕ್ಕ. ಮುಖದ ನಗುವೂ ಕನ್ನಡಿಯ ಜಡೆಯೂ ಮೊಗ್ಗು ಮೊಗ್ಗು ಎಣಿಸುವಷ್ಟು ಸ್ಪಷ್ಟವಾಗಿ ಬಂದವು.

ಗುಡಿ ತಲುಪುವಷ್ಟರಲ್ಲಿ ಫೋಟೋ ನೆಂಟರ ಗುಂಪಿನಲ್ಲೆಲ್ಲ ಓಡಾಡಿತ್ತು. ಮಗನ ಕೂದಲು ಉದುರುತ್ತಿದ್ದಾಗ ಪಲ್ಲವಿಗೆ ಕುಣಿಗಲ್ಲಿನಿಂದ ಅಮ್ಮನ ಫೋನ್ ಬಂತು. ಮಂಡಿನೋವಿನಿಂದ ಅವರು ಬಂದಿರಲಿಲ್ಲ.

"ಮಗೂನ ನೋಡಿ ಕಣ್ತುಂಬಿ ಬಂತು ಕಣೇ. ದೀಪಿಕಾ ಎಷ್ಟ್ ಚೆನ್ನಾಗಿ ತೆಗ್ದವ್ಳೆ! ನೀನೂ ಅಂಥದೊಂದು ಫೋನ್ ತಗೋಬಾರ್ದಾ? ಆ ಹಳೇ ಡಬ್ಬ ಇನ್ನೂ ಯಾಕೆ ಹೊತ್ಕೊಂಡ್ ತಿರುಗ್ತೀಯ?"

ಹಳೇ ಡಬ್ಬ! ಅಪ್ಪ ಕೊಟ್ಟ ಕ್ಯಾಮೆರಾಕ್ಕೆ ಅಮ್ಮನ ಬಾಯಲ್ಲೇ ಈ ಮಾತು. ಪಲ್ಲವಿಗೆ ಮೈಯೆಲ್ಲ ಉರಿಯಿತು. ಗುಡಿಯ ಕಟ್ಟೆಯ ಮೇಲೆ ದೀಪಿಕಾ ನಾಲ್ಕು ಜನರ ನಡುವೆ ನಗುತ್ತಾ ಫೋನ್ ತೋರಿಸುತ್ತಿದ್ದಳು. ಕೈಜಾರಿ ಬಿದ್ದು ಅದು ಒಡೆದು ಹೋಗಲಿ ಎಂದು ಪಲ್ಲವಿ ಮನಸಾರೆ ಬಯಸಿದಳು. ಫೋನಿಗಷ್ಟೇ ಬಯಸಿದ್ದರೆ ಚೆನ್ನಾಗಿತ್ತು. ಆ ನಗುವಿಗೂ ಅದನ್ನೇ ಬಯಸಿದಳು.

ಸಂಜೆ ಮನೆಗೆ ಬಂದವಳೇ ದೀಪಿಕಾ ತಲೆ ಹಿಡಿದುಕೊಂಡು ಕೂತಳು. ಎರಡು ಸಲ ವಾಂತಿಯೂ ಆಯಿತು.

"ಕಣ್ಣಾಗೈತೆ. ಬೆಳಗ್ಗಿಂದ ಎಲ್ರೂ ಇವ್ಳನ್ನೇ ಹೊಗಳಿದ್ದೂ ಹೊಗಳಿದ್ದೇ" ಎಂದರು ಶಿವರುದ್ರಮ್ಮ. "ಪಲ್ಲವೀ, ನಂಗೆ ರಟ್ಟೆ ಎತ್ತಕ್ಕಾಗಲ್ಲ. ನೀನೇ ದೃಷ್ಟಿ ತೆಗಿ."

"ನಾನಾ ಅತ್ತೆ?"

"ನೀವೇ ತೆಗೀರಿ ಅಕ್ಕ. ನಿಮ್ಮ ಕೈ ತಣ್ಣಗಿದೆ" ಎಂದು ದೀಪಿಕಾ ಕಣ್ಣು ಮುಚ್ಚಿದಳು.

ಪಲ್ಲವಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಅವಳ ಸುತ್ತ ಇಳಿತೆಗೆದಳು. "ಹೋದೋರ ಕಣ್ಣು, ಬಂದೋರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು..." ಅಷ್ಟಕ್ಕೇ ನಿಂತಳು.

"ಮನೆಯೋರ ಕಣ್ಣು ಅನ್ನಲ್ವೇನೇ? ಅದ್ನೂ ಹೇಳು."

"ಮನೆಯೋರ ಕಣ್ಣು" ಎಂದಳು ಪಲ್ಲವಿ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಮೆಣಸಿನಕಾಯಿ ಸುಟ್ಟಾಗ ಘಾಟು ಬಂದರೆ ಏನೂ ಇಲ್ಲವೆಂದು ಲೆಕ್ಕ. ಬಾರದಿದ್ದರೆ ದೊಡ್ಡ ಕಣ್ಣೇ ಬಿದ್ದಿದೆ. ಪಲ್ಲವಿ ಅಡುಗೆಮನೆಗೆ ಹೋಗಿ, ಸ್ಟೌವ್ ಹಚ್ಚಿ, ಘಾಟು ಬರಲಿ ದೇವರೇ ಎಂದುಕೊಂಡು ಎಲ್ಲವನ್ನೂ ಉರಿಗೆ ಹಾಕಿದಳು. ಉಪ್ಪು ಚಟಪಟ ಸಿಡಿಯಿತು. ಮೆಣಸಿನಕಾಯಿ ಕಪ್ಪಗಾಗಿ ಮುರುಟಿತು. ಯಾರೂ ಕೆಮ್ಮಲಿಲ್ಲ, ಸೀನಲೂ ಇಲ್ಲ.

"ನೋಡಿದ್ಯಾ, ಒಂಚೂರೂ ಘಾಟಿಲ್ಲ! ಯಾವ ಪಾಪಿ ಕಣ್ಣೋ" ಎಂದು ಶಿವರುದ್ರಮ್ಮ ನಡುಮನೆಯಿಂದಲೇ ಲಟಿಕೆ ಮುರಿದರು.

ನೀರು ಕುಡಿಯಲು ಅಡುಗೆಮನೆಗೆ ಬಂದ ದೀಪಿಕಾ ಬಾಗಿಲಲ್ಲೇ ನಿಂತಳು.

"ಘಾಟೇ ಇಲ್ವಲ್ಲಾ ಅಕ್ಕ, ನಿಮ್ ಕಣ್ಣಲ್ಲಿ ಯಾಕೆ ಇಷ್ಟೊಂದು ನೀರು?"